ಎಚ್‌ಐವಿ ಸೋಂಕಿತ ಮಕ್ಕಳ ಕುಟುಂಬಗಳಿಗೆ ಹಾಗೂ ಪಾಲಕರಿಗೆ ಬೆಂಬಲ ಮತ್ತು ತರಬೇತಿ

ಎಚ್‌ಐವಿ ಸೋಂಕಿತ ಮಕ್ಕಳ ಆರೈಕೆಯ ಹೊಣೆ ಹೊತ್ತಿರುವ ತಂದೆ-ತಾಯಿ, ಅಜ್ಜ-ಅಜ್ಜಿ ಹಾಗೂ ಇತರ ಸಂಬಂಧಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಚಿಕಿತ್ಸೆ
ದೇಶದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆಯು 2004ರ ಏಪ್ರಿಲ್‌ನಲ್ಲಿಯೂ, ಮಕ್ಕಳಿಗಾಗಿ ಪ್ರತ್ಯೇಕ ಕಾರ್ಯಕ್ರಮವು 2006ರ ನವೆಂಬರ್‌ನಲ್ಲಿಯೂ ಆರಂಭಗೊಂಡವು. ಸೋಂಕಿತ ತಾಯಿಗೆ ಜನಿಸಿದ ಮಗುವನ್ನು ಆರು ವಾರ ತುಂಬಿದೊಡನೆ ಪರೀಕ್ಷೆಗೆ ಒಳಪಡಿಸತಕ್ಕದ್ದು. ಸೋಂಕು ದೃಢಪಟ್ಟಲ್ಲಿ ಸಿಡಿ4 ಎಣಿಕೆ ಎಷ್ಟೇ ಇದ್ದರೂ ಚಿಕಿತ್ಸೆ ಆರಂಭಿಸಲಾಗುತ್ತದೆ.

ಪಾಲಕರಿಗೆ ತರಬೇತಿ
ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಪಾಲಕರಿಗೆ ಮಾತ್ರೆ ನೀಡುವ ವಿಧಾನ, ವೇಳೆ, ಮಾತ್ರೆ ತಪ್ಪಿದಾಗ ಅಥವಾ ಮಗು ವಾಂತಿ ಮಾಡಿಕೊಂಡಾಗ ಅನುಸರಿಸಬೇಕಾದ ಕ್ರಮಗಳನ್ನು ತಿಳಿಸಿಕೊಡುತ್ತಾರೆ. ಕೇಳಿದ್ದನ್ನು ಆಪ್ತಸಮಾಲೋಚಕರ ಮುಂದೆಯೇ ಒಮ್ಮೆ ಹೇಳಿ ಖಚಿತಪಡಿಸಿಕೊಳ್ಳುವುದು ಒಳಿತು. ಓದು ಬಾರದ ಅಜ್ಜಿಯರೇ ಅನೇಕ ಮನೆಗಳಲ್ಲಿ ಪಾಲಕರಾಗಿರುತ್ತಾರೆ. ಅಂಥವರು ಡಬ್ಬಿಯ ಮೇಲೆ ಸೂರ್ಯ, ಚಂದ್ರರ ಗುರುತು ಹಾಕಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಔಷಧದ ಪ್ರಮಾಣವು ಮಗುವಿನ ತೂಕವನ್ನು ಅವಲಂಬಿಸಿರುವುದರಿಂದ, ಮಗುವನ್ನು ಮನೆಯಲ್ಲಿಯೇ ಬಿಟ್ಟು ಮಾತ್ರೆಗಳನ್ನಷ್ಟೇ ಒಯ್ಯುವುದು ಸರಿಯಲ್ಲ. ತೂಕ ಹೆಚ್ಚಿದ ಮಗುವಿಗೆ ಹಳೆಯ ಪ್ರಮಾಣ ಸಾಲದು. ಸಾಲದ ಔಷಧದಿಂದ ವೈರಾಣುವು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ.

ಮಗುವಿಗೆ ತಿಳಿಸುವುದು
ಪಾಲಕರು ಹೆಚ್ಚು ಹಿಂಜರಿಯುವ ವಿಷಯವಿದು. ಚಿಕ್ಕ ಮಗುವಿಗೆ "ದೇಹದೊಳಗಿನ ಕಾವಲು ಸೈನಿಕರಿಗೆ ಬಲ ನೀಡುವ ಮಾತ್ರೆ" ಎಂದರೆ ಸಾಕು. ವಯಸ್ಸು ಹಾಗೂ ಗ್ರಹಿಕೆಗೆ ತಕ್ಕಂತೆ ಹಂತಹಂತವಾಗಿ, ಹನ್ನೆರಡು ವರ್ಷ ತುಂಬುವುದರೊಳಗೆ ರೋಗದ ಹೆಸರನ್ನೂ ತಿಳಿಸುವುದು ಸೂಕ್ತ. ಕಾರಣ ತಿಳಿಯದ ಮಗು ಮಾತ್ರೆಯನ್ನು ಎಸೆಯಬಹುದು. ಹೊರಗಿನವರ ಬಾಯಿಂದ ತಿಳಿದರೆ ಮನೆಯವರನ್ನೇ ನಂಬದಂತಾಗಬಹುದು. ತಿಳಿಸುವ ದಿನ ಆಪ್ತಸಮಾಲೋಚಕರ ನೆರವು ಪಡೆಯಬಹುದು.

ಶಾಲೆ ಮತ್ತು ಕಾನೂನು
2017ರ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮವು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಇದರನ್ವಯ ಸೋಂಕಿನ ಕಾರಣಕ್ಕೆ ಶಾಲಾ ಪ್ರವೇಶ ನಿರಾಕರಿಸುವುದಾಗಲಿ, ಪ್ರವೇಶಕ್ಕಾಗಿ ಎಚ್‌ಐವಿ ಪರೀಕ್ಷೆ ಕೇಳುವುದಾಗಲಿ ನಿಷಿದ್ಧ. ತಂದೆ-ತಾಯಿಯರ ಬದಲು ಮನೆಯ ಹಿರಿಯ ಮಗುವೇ ಸಂಸಾರ ನಡೆಸುತ್ತಿರುವ ಸಂದರ್ಭಗಳೂ ಉಂಟು. 12ರಿಂದ 18 ವರ್ಷದೊಳಗಿನ, ಸಾಕಷ್ಟು ಪ್ರಬುದ್ಧತೆಯುಳ್ಳ ಅಂತಹ ಅಣ್ಣ ಅಥವಾ ಅಕ್ಕ, ತಮ್ಮ-ತಂಗಿಯರ ಶಾಲಾ ಪ್ರವೇಶ, ಬ್ಯಾಂಕ್ ಖಾತೆ, ಚಿಕಿತ್ಸೆ ಮುಂತಾದವುಗಳಿಗೆ ಪೋಷಕರಾಗಿ ಸಹಿ ಮಾಡಲು ಈ ಅಧಿನಿಯಮದಲ್ಲಿ ಅವಕಾಶವಿದೆ. ಈ ಅಂಶವು ಅನೇಕರಿಗೆ ತಿಳಿದಿರುವುದಿಲ್ಲ.

ಆರ್ಥಿಕ ನೆರವು
ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ಅರ್ಹ ಮಗುವಿಗೆ ಮಾಸಿಕ ರೂ. 4,000 ನೀಡಲು ಮಾರ್ಗಸೂಚಿಯಲ್ಲಿ ಅವಕಾಶವಿದ್ದು, ಕುಟುಂಬದ ಆದಾಯಕ್ಕೆ ಮಿತಿ ನಿಗದಿಯಾಗಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಚಿಕಿತ್ಸಾ ದಾಖಲೆಯ ಪ್ರತಿ ಕೇಳಿದಲ್ಲಿ ಅದನ್ನು ಮುಚ್ಚಿದ ಲಕೋಟೆಯಲ್ಲಿ ಸಂಬಂಧಪಟ್ಟ ಅಧಿಕಾರಿಗೆ ಖುದ್ದಾಗಿ ನೀಡುವುದು ಉತ್ತಮ.

ಹೆಚ್ಚಿನ ಮಾಹಿತಿಗೆ ಉಚಿತ ಸಹಾಯವಾಣಿ 1097, ಮಕ್ಕಳ ಸಹಾಯವಾಣಿ 1098.