ಕಿಟಕಿಯ ಪಕ್ಕ ಇನ್ನೊಂದು ಬಾಗಿಲು

ಡೊಂಬಿವಲಿ ಸ್ಟೇಷನ್ನಿನ ಟಿಕೆಟ್ ಕಿಟಕಿಯಲ್ಲಿ ಅಪ್ಪ ಆಡುವ ಮಾತು ಮೂವತ್ತು ವರ್ಷಗಳಿಂದ ಮೂರೇ ಶಬ್ದದ್ದು: ‘ಠಾಣೆ, ಏಕ್, ರಿಟರ್ನ್.’ ಊರು, ಎಷ್ಟು, ಯಾವ ಬಗೆ. ಕ್ರಿಯಾಪದ ಇಲ್ಲ, ವಿಭಕ್ತಿ ಇಲ್ಲ, ನಮಸ್ಕಾರವೂ ಇಲ್ಲ. ಕ್ರಮ ತಪ್ಪಿದರೆ ಒಳಗೆ ಕೂತವರು ತಲೆ ಎತ್ತುತ್ತಾರೆ, ಹಿಂದಿನವರು ಗೊಣಗುತ್ತಾರೆ. ಭಾಷಾಶಾಸ್ತ್ರದ ಎಂಎ ಓದುವಾಗ ಇಂಥ ಮಾತನ್ನು ನಾವು ಅಪೂರ್ಣ ವಾಕ್ಯ ಅಂತ ಪಕ್ಕಕ್ಕೆ ಇಡುತ್ತಿದ್ದೆವು. ಈಗ ನನಗೆ ಅದರಷ್ಟು ಪೂರ್ಣವಾದ ವಾಕ್ಯ ಬೇರೆ ಇಲ್ಲ ಅನಿಸುತ್ತದೆ.

ಹೀಗೆ ಅನಿಸಲು ಕಾರಣ ಒಂದು ಅನುವಾದದ ಕೆಲಸ. ನವಿ ಮುಂಬಯಿಯ ಒಂದು ಕಂಪನಿ ಪತ್ತಿನ ಸಹಕಾರ ಸಂಘಗಳ ಲೆಕ್ಕಕ್ಕೆ ವೆಬ್ ತಂತ್ರಾಂಶ ಮಾಡುತ್ತದೆ. ಸಂಘದವರು ಬ್ರೌಸರ್ ತೆರೆದು, ಲಾಗಿನ್ ಆಗಿ, ಠೇವಣಿ, ಸಾಲ, ಕಂತು ನೋಡಿಕೊಳ್ಳುತ್ತಾರೆ. ಅಂಥ ವ್ಯವಸ್ಥೆಗೆ ಹೊಸದಾಗಿ ಎಪಿಐ ಸೇರಿಸಿದ್ದರು. ಅಂದರೆ ಮನುಷ್ಯನ ಬದಲು ಇನ್ನೊಂದು ತಂತ್ರಾಂಶವೇ ಬಂದು, ನಿಶ್ಚಿತ ಕ್ರಮದಲ್ಲಿ ಕೇಳಿ, ನಿಶ್ಚಿತ ಕ್ರಮದಲ್ಲಿ ಉತ್ತರ ಪಡೆಯುವ ಏರ್ಪಾಡು. ಅದರ ಕೈಪಿಡಿ ಕರ್ನಾಟಕದ ಸಂಘಗಳಿಗಾಗಿ ಕನ್ನಡದಲ್ಲಿ ಬೇಕಿತ್ತು. ಆ ಕೆಲಸದಲ್ಲಿ ನಾನು ಮಾಡಿದ ತಪ್ಪಿನ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ಈ ಬಾಗಿಲುಗಳು ಹೇಗೆ ಬಂದವು ನೋಡೋಣ.

ನಮ್ಮಲ್ಲಿ ಇದರ ಒಳ್ಳೆಯ ಉದಾಹರಣೆ ರೈಲ್ವೆಯೇ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ಓಡಿದ ದೇಶದ ಮೊದಲ ಪ್ರಯಾಣಿಕರ ರೈಲು ಮರುವರ್ಷ ಕಲ್ಯಾಣ್ ಮುಟ್ಟಿತು. ಅಲ್ಲಿಂದ ನೂರಮೂವತ್ತು ವರ್ಷ ಕಾಯ್ದಿರಿಸುವಿಕೆ ನಡೆದದ್ದು ದಪ್ಪ ರಿಜಿಸ್ಟರುಗಳಲ್ಲಿ. 1980ರ ದಶಕದ ನಡುವಿನಲ್ಲಿ ದೆಹಲಿಯಿಂದ ಗಣಕೀಕರಣ ಶುರುವಾಯಿತು. ವೆಬ್ ಎಂಬುದು ಇನ್ನೂ ಹುಟ್ಟಿರಲಿಲ್ಲ. ದೆಹಲಿ, ಮುಂಬಯಿ, ಕೋಲ್ಕತ್ತಾ, ಚೆನ್ನೈ, ಸಿಕಂದರಾಬಾದ್ ಈ ಐದು ಕೇಂದ್ರಗಳ ವ್ಯವಸ್ಥೆಗಳು ಕಾನ್ಸರ್ಟ್ ಎಂಬ ತಂತ್ರಾಂಶದ ಮೂಲಕ ಪರಸ್ಪರ ಮಾತಾಡುವಂತಾದದ್ದು 1999ರಲ್ಲಿ. ಆಮೇಲೆ 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಅಂತರ್ಜಾಲದಲ್ಲಿ ಟಿಕೆಟ್ ಕೊಡತೊಡಗಿತು.

ಇಲ್ಲಿ ಒಂದು ಸೊಗಸಾದ ವಿವರ ಇದೆ. ಆರಂಭದಲ್ಲಿ ನೀವು ಆನ್‌ಲೈನಿನಲ್ಲಿ ದುಡ್ಡು ಕೊಟ್ಟರೂ ಟಿಕೆಟ್ ಬರುತ್ತಿದ್ದದ್ದು ಕಾಗದದಲ್ಲಿ, ಕೊರಿಯರಿನವನ ಕೈಯಲ್ಲಿ. ಹಳೆಯ ವ್ಯವಸ್ಥೆಯ ಪ್ರಕಾರ ಟಿಕೆಟ್ ಎಂದರೆ ಅಚ್ಚಾದ ಚೀಟಿ, ಬೇರೇನೂ ಅಲ್ಲ. ಹೊಸ ಬಾಗಿಲು ಆ ವ್ಯಾಖ್ಯಾನವನ್ನು ಮುಟ್ಟಲಿಲ್ಲ, ಅದಕ್ಕೊಂದು ಕೊರಿಯರ್ ಅಂಟಿಸಿತು, ಅಷ್ಟೆ. ಇ-ಟಿಕೆಟ್ ಬರಲು 2005ರ ತನಕ ಕಾಯಬೇಕಾಯಿತು. ಓಡುತ್ತಿರುವ ವ್ಯವಸ್ಥೆಗೆ ಬಾಗಿಲು ಇಡುವವರು ಮೊದಲ ದಿನವೇ ಗೋಡೆ ಒಡೆಯುವುದಿಲ್ಲ. ಒಳಗೆ ಜನ ವಾಸವಾಗಿರುತ್ತಾರೆ.

ಅದೇ ಕಾಲಕ್ಕೆ ಹೊರಗಿನ ಜಗತ್ತಿನಲ್ಲಿ ವೆಬ್‌ಸೈಟುಗಳೂ ಬಾಗಿಲು ತೆರೆಯುತ್ತಿದ್ದವು. ಸೇಲ್ಸ್‌ಫೋರ್ಸ್ ಮತ್ತು ಈಬೇ 2000ದಲ್ಲಿ, ಅಮೆಜಾನ್ 2002ರಲ್ಲಿ. ಆದರೆ ಬಹಳ ಕಡೆ ಜನ ಗೋಡೆ ಹಾರಿದ ಮೇಲೆಯೇ ಯಜಮಾನರು ಬಾಗಿಲು ಮಾಡಿಸಿದ್ದು. 2005ರಲ್ಲಿ ಪಾಲ್ ರಾಡೆಮಾಕರ್ ಎಂಬಾತ ಕ್ರೇಗ್ಸ್‌ಲಿಸ್ಟಿನ ಬಾಡಿಗೆ ಮನೆ ಜಾಹೀರಾತುಗಳನ್ನು ಗೂಗಲ್ ನಕ್ಷೆಯ ಮೇಲೆ ಕೂರಿಸಿ ತೋರಿಸಿದ. ಆಗ ಗೂಗಲ್ ನಕ್ಷೆಗೆ ಎಪಿಐ ಇರಲಿಲ್ಲ. ಪುಟದ ಒಳಗನ್ನು ಬಿಚ್ಚಿ ನೋಡಿ ತಾನೇ ದಾರಿ ಕಂಡುಕೊಂಡಿದ್ದ. ಆ ವರ್ಷದ ಜೂನಿನಲ್ಲಿ ಗೂಗಲ್ ಅಧಿಕೃತ ಎಪಿಐ ಬಿಟ್ಟಿತು, ಮುಂದೆ ಅವನನ್ನೇ ಕೆಲಸಕ್ಕೂ ತೆಗೆದುಕೊಂಡಿತು.

ಕನ್ನಡದ ಓದುಗರಿಗೆ ಇನ್ನೂ ಹತ್ತಿರದ್ದು ವಿಕಿಪೀಡಿಯ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದಾಗ ಅದರ ಹಿಂದಿನ ಮೀಡಿಯಾವಿಕಿ ತಂತ್ರಾಂಶ ಇದ್ದದ್ದು ಮನುಷ್ಯರ ಕಣ್ಣಿಗಾಗಿ. ಸಣ್ಣಪುಟ್ಟ ತಿದ್ದುಪಡಿ ಮಾಡುವ ಬಾಟ್‌ಗಳು ಪೂರ್ತಿ ಪುಟವನ್ನು ತರಿಸಿಕೊಂಡು, ಅದರಲ್ಲಿ ಬೇಕಾದ ಸಾಲು ಹುಡುಕಿ, ಮನುಷ್ಯನಂತೆ ನಟಿಸಿ ‘ಉಳಿಸು’ ಗುಂಡಿ ಒತ್ತುತ್ತಿದ್ದವು. ಪುಟದ ವಿನ್ಯಾಸ ಚೂರು ಬದಲಾದರೂ ಬಾಟ್ ಕುರುಡು. 2006ರಲ್ಲಿ ಯೂರಿ ಅಸ್ತ್ರಖಾನ್ ಮೊದಲು ಓದುವುದಕ್ಕಷ್ಟೇ ಒಂದು ಬಾಗಿಲು ಮಾಡಿದ. ಬರೆಯುವುದಕ್ಕೆ, ಅಂದರೆ ಪುಟ ತಿದ್ದುವುದಕ್ಕೆ, ವಿಕಿಪೀಡಿಯದಲ್ಲಿ ಅದು ತೆರೆದದ್ದು 2008ರಲ್ಲಿ. ಈ ಎರಡು ವರ್ಷದ ಅಂತರ ಆಲಸ್ಯದ್ದಲ್ಲ. ಓದಲು ಬಿಟ್ಟವನು ಹೆಚ್ಚೆಂದರೆ ಸರ್ವರಿಗೆ ಭಾರವಾಗುತ್ತಾನೆ. ಬರೆಯಲು ಬಿಟ್ಟವನು ಯಾರು, ಅವನಿಗೆ ಯಾವ ಹಕ್ಕು, ಇಬ್ಬರು ಒಟ್ಟಿಗೆ ಬರೆದರೆ ಯಾರದ್ದು ನಿಲ್ಲುತ್ತದೆ ಎಂಬುದೆಲ್ಲ ತೀರ್ಮಾನವಾಗಬೇಕು. ಈ ನಿಯಮಗಳು ಅದುವರೆಗೆ ಪುಟ ತೋರಿಸುವ ಕೋಡಿನಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ಕಿತ್ತು, ಪುಟವೂ ಎಪಿಐಯೂ ಕೇಳಬಹುದಾದ ಒಂದೇ ಜಾಗದಲ್ಲಿ ಇಡುವುದೇ ಈ ಕೆಲಸದ ಬಹುಪಾಲು. ಉಳಿದದ್ದು ಬಣ್ಣ ಬಳಿಯುವುದು. ನಾನು ಇಂಗ್ಲಿಷ್ ಲೇಖನಗಳನ್ನು ಕನ್ನಡ ವಿಕಿಪೀಡಿಯಕ್ಕೆ ತರಲು ಬಳಸುವ, 2015ರಲ್ಲಿ ಬಂದ ಅನುವಾದದ ಸಲಕರಣೆ ನಿಂತಿರುವುದೂ ಇಂಥ ಬಾಗಿಲುಗಳ ಮೇಲೆಯೇ.

ಹೇಳದೆ ಉಳಿದ ನಿಯಮ ಎಂದೆನಲ್ಲ, ಅದಕ್ಕೆ ನಮ್ಮ ಲೋಕಲ್ ರೈಲಿನಷ್ಟು ಸ್ಪಷ್ಟ ಪಾಠ ಬೇರೆ ಕಾಣೆ. ಮುಂಬಯಿ ಉಪನಗರ ರೈಲಿಗೆ ಫೋನಿನಲ್ಲೇ ಟಿಕೆಟ್ ತೆಗೆಯುವ ಯುಟಿಎಸ್ ಆ್ಯಪ್ 2014ರ ಕೊನೆಗೆ ಬಂತು. ಮೊದಮೊದಲು ಅಲ್ಲೂ ಕೊರಿಯರಿನ ಕತೆಯೇ: ಫೋನಿನಲ್ಲಿ ತೆಗೆದದ್ದನ್ನು ಸ್ಟೇಷನ್ನಿನ ಯಂತ್ರದಲ್ಲಿ ಅಚ್ಚು ಹಾಕಿಸಿಕೊಳ್ಳಬೇಕು. ಕಾಗದವಿಲ್ಲದ ಟಿಕೆಟ್ ಮರುವರ್ಷ ಬಂತು, ಜೊತೆಗೆ ಒಂದು ವಿಚಿತ್ರ ಷರತ್ತೂ ಬಂತು. ಹಳಿಗೆ ತೀರ ಹತ್ತಿರ ನಿಂತರೆ ಆ್ಯಪ್ ಟಿಕೆಟ್ ಕೊಡುತ್ತಿರಲಿಲ್ಲ. ಜಿಪಿಎಸ್ ನೋಡಿ ನಿರಾಕರಿಸುತ್ತಿತ್ತು. ಡೊಂಬಿವಲಿಯಲ್ಲಿ ಜನ ಫೋನ್ ಹಿಡಿದು ಸ್ಟೇಷನ್ನಿನಿಂದ ದೂರ ನಡೆಯುವುದನ್ನು ನೋಡಿ ನಾನು ನಕ್ಕಿದ್ದೇನೆ, ನಾನೂ ನಡೆದಿದ್ದೇನೆ.

ಕಾರಣ ಸರಳ. ಕಿಟಕಿಯ ಮುಂದೆ ನಿಂತವನು ಇನ್ನೂ ರೈಲು ಹತ್ತಿಲ್ಲ. ಇದನ್ನು ಯಾರೂ ನಿಯಮವಾಗಿ ಬರೆದಿಡಬೇಕಾಗಿರಲಿಲ್ಲ, ಕಿಟಕಿ ಇರುವ ಜಾಗವೇ ಅದನ್ನು ನೋಡಿಕೊಳ್ಳುತ್ತಿತ್ತು. ಫೋನಿಗೆ ಅಂಥ ಜಾಗ ಇಲ್ಲ. ಟಿಸಿಯ ಕರಿ ಕೋಟು ಕಂಡ ಮೇಲೆ ಬೋಗಿಯಲ್ಲೇ ಕೂತು ಟಿಕೆಟ್ ತೆಗೆಯಬಹುದು. ಹಾಗಾಗಿ ಗೋಡೆ ಮೌನವಾಗಿ ಹೇಳುತ್ತಿದ್ದದ್ದನ್ನು ಮೀಟರಿನ ಲೆಕ್ಕದಲ್ಲಿ ಬರೆಯಬೇಕಾಯಿತು. ಆಮೇಲೆ ಸ್ಟೇಷನ್ನಿನಲ್ಲಿ ಕ್ಯೂಆರ್ ಕೋಡ್ ಅಂಟಿಸಿ, ಅದನ್ನು ಸ್ಕ್ಯಾನ್ ಮಾಡಿದವರಿಗೆ ಅಲ್ಲೇ ಟಿಕೆಟ್ ಸಿಗುವಂತೆ ಮಾಡಿದರು. ಒಂದರ್ಥದಲ್ಲಿ ಕಿಟಕಿಯನ್ನೇ ಕಾಗದದ ಮೇಲೆ ಮರಳಿ ತಂದರು.

ಈಗ ನನ್ನ ತಪ್ಪು. ಆ ಕೈಪಿಡಿಯಲ್ಲಿ ‘ಡೆಪ್ರಿಕೇಟೆಡ್’ ಎಂಬ ಪದ ಇತ್ತು. ನಾನು ‘ರದ್ದಾಗಿದೆ’ ಅಂತ ಬರೆದೆ. ತಂತ್ರಾಂಶದವರು ಹೇಳುವುದು ಅದನ್ನಲ್ಲ. ಈ ದಾರಿ ಇವತ್ತೂ ನಡೆಯುತ್ತದೆ, ಮುಂದೊಂದು ದಿನ ಮುಚ್ಚುತ್ತೇವೆ, ಅಷ್ಟರಲ್ಲಿ ಹೊಸದಕ್ಕೆ ಬನ್ನಿ ಅಂತ ಅದರ ಅರ್ಥ. ಬೆಳಗಾವಿ ಕಡೆಯ ಒಂದು ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ನನ್ನ ಕನ್ನಡ ಓದಿ, ರದ್ದಾಗಿದೆಯಲ್ಲ ಅಂತ, ಕಂತಿನ ಸಂದೇಶ ಕಳಿಸುವ ಭಾಗವನ್ನೇ ತೆಗೆದುಬಿಟ್ಟ. ಹೊಸ ದಾರಿ ಅವನ ಕಡೆ ಇನ್ನೂ ಸಿದ್ಧವಾಗಿರಲಿಲ್ಲ. ಎರಡು ದಿನ ಸಾಲಗಾರರಿಗೆ ಸಂದೇಶ ಹೋಗಲಿಲ್ಲ, ಕೆಲವರ ಕಂತು ತಪ್ಪಿ ದಂಡ ಬಿತ್ತು. ಸಂಘ ಆ ದಂಡ ಮನ್ನಾ ಮಾಡಿತು. ನನ್ನ ಹೆಸರು ಎಲ್ಲೂ ಬರಲಿಲ್ಲ, ಆ ಹುಡುಗ ಮಾತ್ರ ಬೈಸಿಕೊಂಡ. ಫೋನ್ ಮಾಡಿ ಕ್ಷಮೆ ಕೇಳಿದಾಗ, ‘ನೀವು ಬರ್ದಿದ್ದು ಕನ್ನಡದಾಗ ಸರಿನೇ ಇತ್ತರೀ’ ಅಂದ. ಅದೇ ತೊಂದರೆ.

ತಿದ್ದಿದ ಪ್ರತಿಯಲ್ಲಿ ‘ಸದ್ಯ ನಡೆಯುತ್ತದೆ, ಮುಂದೆ ಮುಚ್ಚಲಿದೆ’ ಅಂತ ನಾಲ್ಕು ಶಬ್ದ ಹಾಕಿದೆ. ಎಪಿಐಗೂ ಕನ್ನಡ ಪದ ಹುಡುಕಲು ಒಂದು ವಾರ ಹೊಸೆದಾಡಿ, ಕೊನೆಗೆ ಎಪಿಐ ಅಂತಲೇ ಬಿಟ್ಟೆ.

ಅಪ್ಪನ ಫೋನಿಗೂ ಯುಟಿಎಸ್ ಹಾಕಿಕೊಟ್ಟಿದ್ದೆ. ಒಮ್ಮೆ ತೆರೆದು ನೋಡಿ ಮುಚ್ಚಿಟ್ಟರು. ‘ಕಿಡಕಿ ಇರೋತನಾ ನಾ ಕಿಡಕಿಗೇ ಹೋಗಾಂವ’ ಅಂದರು. ನಿನ್ನೆ ಠಾಣೆಯಲ್ಲಿ ಅವರ ಗೆಳೆಯರ ಮನೆಗೆ ಹೊರಟಾಗ ನಾನೂ ಜೊತೆಗಿದ್ದೆ. ಸಾಲಿನಲ್ಲಿ ನಮ್ಮ ಮುಂದೆ ಹನ್ನೊಂದು ಜನ ಇದ್ದರು.