ಅಂದ, ನಡೆ, ಗುಣ: ಹಿಂದಿನವರು ಕುದುರೆ ಆರಿಸಿದ ಬಗೆ



ಆಳಂದ ಎಂದೊಡನೆ ನಮಗೆ ನೆನಪಾಗುವುದು ಲಾಡ್ಲೆ ಮಶಾಯಿಕ್ ಎಂದೇ ಹೆಸರಾದ ಶೇಖ್ ಅಲಾವುದ್ದೀನರ ದರ್ಗಾ. ಇದೇ ಊರು ಒಂದು ಕಾಲಕ್ಕೆ ಕುದುರೆಗಳ ಸಂತೆಗೂ ಹೆಸರುವಾಸಿಯಾಗಿತ್ತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1470ರ ಆಸುಪಾಸಿನಲ್ಲಿ ಬಹಮನಿ ರಾಜಧಾನಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಶೇಖರ ಹೆಸರಿನಲ್ಲಿ ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ನಡೆಯುತ್ತಿತ್ತೆಂದೂ, ಮಾರಾಟಕ್ಕೆ 20,000ದಷ್ಟು ಕುದುರೆಗಳು ಬರುತ್ತಿದ್ದವೆಂದೂ ಬರೆದಿಟ್ಟಿದ್ದಾನೆ. ಆತ ತಾನೂ 100 ರೂಬಲ್ ಖರ್ಚುಮಾಡಿ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದಿದ್ದ. ಅದನ್ನು ಜುನ್ನಾರಿನ ಅಧಿಕಾರಿ ಕಿತ್ತುಕೊಂಡ. ಮರಳಿ ಪಡೆದು ಬೀದರಿನಲ್ಲಿ ಮಾರುವಷ್ಟರಲ್ಲಿ ನಿಕಿತಿನ್ ಸಾಕುಸಾಕಾಗಿ ಹೋಗಿದ್ದ.

ಈಗ ನೀವೇ ಆ ಸಂತೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕೈಯಲ್ಲಿರುವುದು ಒಂದು ಕುದುರೆಗೆ ಸಾಲುವಷ್ಟು ಹಣ. ಒಂದು ಕುದುರೆ ಚಿತ್ರದಲ್ಲಿ ಬರೆದಂತೆ ಸುಂದರ. ಆದರೆ ಹತ್ತಿರ ಹೋದರೆ ಕಿವಿ ಹಿಂದಕ್ಕೆ ಮಡಿಸುತ್ತದೆ. ಇನ್ನೊಂದರ ತಲೆ ದಪ್ಪ, ಬಣ್ಣ ಮಂಕು. ಆದರೆ ಹೆಜ್ಜೆ ಸಮ, ಸ್ವಭಾವ ಶಾಂತ. ಯಾವುದನ್ನು ಕೊಳ್ಳುತ್ತೀರಿ?

ಇದು ಕೇವಲ ಶೋಕಿಯ ಪ್ರಶ್ನೆಯಾಗಿರಲಿಲ್ಲ. ದಕ್ಷಿಣ ಭಾರತದ ದೊರೆಗಳು ಒಳ್ಳೆಯ ಕುದುರೆಗಾಗಿ ಅರಬ್ಬೀ ಸಮುದ್ರದಾಚೆಗೆ ನೋಡಬೇಕಾಗಿತ್ತು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹೇಳುವಂತೆ, ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದ. ವರ್ತಕರು ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಇಷ್ಟು ದುಬಾರಿಯಾದ ಪ್ರಾಣಿಯನ್ನು ಆರಿಸುವಾಗ ತಪ್ಪಿದರೆ ಹಣ ಹೋಗುತ್ತಿತ್ತು. ರಣರಂಗದಲ್ಲಿ ಸವಾರನ ಪ್ರಾಣವೇ ಹೋಗುತ್ತಿತ್ತು.

ಈ ಪ್ರಶ್ನೆ ಆಳಂದದ ಸಂತೆಗಿಂತ ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಗ್ರೀಕ್ ಸೇನಾನಿ ಕ್ಸೆನೊಫೋನ್ ಇದರ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಅವನ ವಿಚಾರಸರಣಿ ಇಂದಿಗೂ ಸೊಗಸಾಗಿದೆ. ಇನ್ನೂ ಸವಾರಿ ಕಾಣದ ಮರಿಯ ಗುಣ ತಿಳಿಯುವುದು ಕಷ್ಟ. ಆದ್ದರಿಂದ ಅದರ ಮೈಕಟ್ಟನ್ನೇ ನೋಡಬೇಕು. ಅದನ್ನೂ ಮುಖದಿಂದಲ್ಲ, ಗೊರಸಿನಿಂದ ಆರಂಭಿಸಬೇಕು. ತಳಪಾಯ ಸರಿಯಿಲ್ಲದ ಮನೆ ಹೇಗೆ ವ್ಯರ್ಥವೋ ಕಾಲು ಸರಿಯಿಲ್ಲದ ಕುದುರೆಯೂ ಹಾಗೆಯೇ ವ್ಯರ್ಥ ಎಂಬುದು ಅವನ ವಾದ. ಆದರೆ ಸವಾರಿಗೆ ಪಳಗಿದ ಕುದುರೆಯಾದರೆ ಮೈಕಟ್ಟು ನೋಡಿ ಸುಮ್ಮನಾಗಬಾರದು. ಕಡಿವಾಣ ಹಾಕಿಸಿಕೊಳ್ಳುತ್ತದೆಯೇ, ಹತ್ತುವಾಗ ನಿಲ್ಲುತ್ತದೆಯೇ, ಬೇರೆ ಕುದುರೆಗಳನ್ನು ಬಿಟ್ಟು ಬರುತ್ತದೆಯೇ, ಎಡಕ್ಕೂ ಬಲಕ್ಕೂ ಸಮನಾಗಿ ತಿರುಗುತ್ತದೆಯೇ ಎಂದು ಪರೀಕ್ಷಿಸಬೇಕು. ಮಾತು ಕೇಳದ ಕುದುರೆ ಬರೀ ನಿಷ್ಪ್ರಯೋಜಕವಲ್ಲ, ಎಷ್ಟೋ ಸಲ ಸವಾರನಿಗೇ ದ್ರೋಹ ಬಗೆಯುತ್ತದೆ ಎಂದು ಅವನು ಎಚ್ಚರಿಸುತ್ತಾನೆ.

ಅಬ್ಬಾಸಿ ಖಲೀಫರ ಕಾಲದಲ್ಲಿ ಈ ವಿದ್ಯೆ ಇನ್ನೂ ಬೆಳೆಯಿತು. ಒಂಬತ್ತನೆಯ ಶತಮಾನದ ಇಬ್ನ್ ಅಖೀ ಹಿಝಾಮ್ ಕುದುರೆಯ ಲಕ್ಷಣ, ತರಬೇತಿ, ಚಿಕಿತ್ಸೆ ಎಲ್ಲವನ್ನೂ ಸೇರಿಸಿ ಗ್ರಂಥ ರಚಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಕೈರೋದ ಸುಲ್ತಾನ್ ಅಲ್ ನಾಸಿರ್ ಮುಹಮ್ಮದರ ಅಶ್ವವೈದ್ಯ ಅಬೂಬಕ್ರ್ ಅಲ್ ಬೈತಾರ್ ಬರೆದ ಗ್ರಂಥದ ಹೆಸರಿನಲ್ಲೇ 'ಎರಡು ಕಲೆಗಳು' ಎಂಬ ಮಾತಿದೆ: ಒಂದು ಚಿಕಿತ್ಸೆ, ಇನ್ನೊಂದು ಪೋಷಣೆ ಮತ್ತು ಪಳಗಿಸುವಿಕೆ. ಕುದುರೆಯ ದೇಹವನ್ನು ಬಲ್ಲವನು ಅದರ ಸ್ವಭಾವವನ್ನೂ ಬಲ್ಲವನಾಗಿರಬೇಕು ಎಂಬುದು ಇದರಿಂದ ಸ್ಪಷ್ಟ.

ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆಗಳ ಲಕ್ಷಣವೂ ಇದೆ, ಬಯಲಿನಲ್ಲಿ ಅವನ್ನು ಓಡಿಸಿ ಆಡುವ ವಿನೋದವೂ ಇದೆ. ಬಣ್ಣ ಮತ್ತು ಸುಳಿ ನೋಡಿ ಶುಭಾಶುಭ ಹೇಳುವ ರೂಢಿಯೂ ನಮ್ಮಲ್ಲಿ ಬಲವಾಗಿತ್ತು. ಆದರೆ ಸುಳಿ ಎಷ್ಟೇ ಶುಭವಾಗಿರಲಿ, ಕುಂಟುವ ಕುದುರೆ ಸವಾರನನ್ನು ಊರು ಮುಟ್ಟಿಸಲಾರದು.

ಹಾಗಾದರೆ ತೂಗುವುದು ಹೇಗೆ? ಮೈಕಟ್ಟಿನ ದೋಷಗಳಲ್ಲಿ ಎರಡು ಬಗೆ. ದಪ್ಪ ತಲೆ, ಮಂಕು ಬಣ್ಣ ಕಣ್ಣಿಗೆ ಮಾತ್ರ ಕುಂದು, ಅವನ್ನು ಕ್ಷಮಿಸಬಹುದು. ಸೊಟ್ಟ ಕಾಲು, ತೆಳು ಗೊರಸು, ಬಲವಿಲ್ಲದ ಉದ್ದ ಬೆನ್ನು ಕೆಲಸಕ್ಕೇ ಕುಂದು. ಎಷ್ಟು ಸಾಧು ಕುದುರೆಯಾದರೂ ಇವು ಕೆಲವೇ ವರ್ಷಗಳಲ್ಲಿ ಅದನ್ನು ಕೂರಿಸಿಬಿಡಬಹುದು. ಹೆಗಲು ಓರೆಯಾಗಿದ್ದರೆ ಹೆಜ್ಜೆ ಉದ್ದ, ಸವಾರಿ ಹಗುರ. ನೆಟ್ಟಗಿದ್ದರೆ ಸವಾರನ ಸೊಂಟಕ್ಕೆ ಕುಲುಕಾಟ.

ಮೈಕಟ್ಟು ಕೊಟ್ಟ ಮಾತನ್ನು ನಡೆ ಉಳಿಸುತ್ತದೆ ಅಥವಾ ಮುರಿಯುತ್ತದೆ. ಗಟ್ಟಿನೆಲದ ಮೇಲೆ ನಡೆಸಿ ಕಿವಿಗೊಡಿ: ನಾಲ್ಕು ಹೆಜ್ಜೆಗಳ ಸದ್ದು ಒಂದೇ ಸಮನಿರಬೇಕು. ಹಿಂಗಾಲು ಮುಂಗಾಲಿನ ಗುರುತನ್ನು ಮುಟ್ಟಿದರೆ ಅಥವಾ ದಾಟಿದರೆ ಒಳ್ಳೆಯದು. ಸಣ್ಣ ಓಟದಲ್ಲಿ ತಲೆ ನೋಡಿ: ನೋಯುವ ಮುಂಗಾಲು ನೆಲಕ್ಕೆ ಬಿದ್ದಾಗ ಕುದುರೆ ತಲೆ ಎತ್ತುತ್ತದೆ. ಯಾವ ದಲ್ಲಾಳಿಯ ಮಾತೂ ಇದನ್ನು ಮುಚ್ಚಲಾರದು.

ಕೊನೆಯ ಪರೀಕ್ಷೆ ಗುಣದ್ದು, ಅದೇ ಕಠಿಣ. ಹೆದರಿದ ಕುದುರೆಯೂ ಕೆಟ್ಟ ಕುದುರೆಯೂ ನೋಡುವುದಕ್ಕೆ ಒಂದೇ. ಹೆದರಿದ್ದನ್ನು ತಾಳ್ಮೆ ಸರಿಪಡಿಸುತ್ತದೆ. ಕಚ್ಚುವ, ಒದೆಯುವ ಚಾಳಿ ಬೇರೂರಿದ್ದನ್ನು ಬಿಡಿಸುವುದು ನುರಿತವರಿಗೂ ಕಷ್ಟ. ಅದಕ್ಕೇ ಒಂದೇ ದಿನ ನೋಡಿ ಕೊಳ್ಳಬಾರದು. ಹತ್ತು ದಿನದ ಸಂತೆಯಲ್ಲಿ ಜಾಣನಾದವನು ಲಾಯದಲ್ಲಿ, ಮೇವಿನ ಹೊತ್ತಿನಲ್ಲಿ, ಗದ್ದಲದ ನಡುವೆ ಅದೇ ಕುದುರೆಯನ್ನು ಮತ್ತೆ ಮತ್ತೆ ನೋಡಬಹುದಾಗಿತ್ತು.

ಅಕ್ಬರನ ಲಾಯದ ವಿವರ ನೀಡುವ ಅಬುಲ್ ಫಜಲ್ ಅರಬ್ಬೀ ಕುದುರೆಗಳಿಗೆ ಮೊದಲ ದರ್ಜೆ ಕೊಡುತ್ತಾನೆ. ಆದರೆ ಆ ದರ್ಜೆಗೆ ಅರಬ್ಬೀ ತಳಿಯವಷ್ಟೇ ಅಲ್ಲ, ಚೆಲುವಿನಲ್ಲೂ ಸಾಮರ್ಥ್ಯದಲ್ಲೂ ಅವನ್ನು ಹೋಲುವವೂ ಸೇರುತ್ತಿದ್ದವು. ಅಂದರೆ ವಂಶವೊಂದೇ ಕಡೆಯ ಮಾತಾಗಿರಲಿಲ್ಲ. ಮುಂದೆ ಮರಾಠರು ಭೀಮಾ ತೀರದ ಗಿಡ್ಡ ಕುದುರೆಗಳ ಮೇಲೆ ದೊಡ್ಡ ಸೈನ್ಯಗಳನ್ನು ದಣಿಸಿದ್ದು ಇತಿಹಾಸ. ಆ ಕುದುರೆಗಳು ನೋಟಕ್ಕೆ ಸಾಧಾರಣ. ನಡೆಯಲ್ಲಿ, ತಾಳಿಕೆಯಲ್ಲಿ ಅಸಾಧಾರಣ.

ಓದುಗರೆ, ನಿಕಿತಿನ್ ಬೀದರಿನಲ್ಲಿದ್ದ ಕಾಲದಲ್ಲಿ ಅಲ್ಲಿನ ಪ್ರಧಾನಿ ಮಹಮೂದ್ ಗವಾನ್. ಇರಾನಿನ ಗೀಲಾನಿನಿಂದ 1453ರಲ್ಲಿ ವರ್ತಕನಾಗಿ ಬಂದಿಳಿದ ಆ ಪರದೇಶಿಯ ಗುಣವನ್ನು ಬಹಮನಿ ದರಬಾರು ಗುರುತಿಸಿತು. 1472ರಲ್ಲಿ ಆತ ಕಟ್ಟಿಸಿದ ಮದರಸಾ ಇಂದಿಗೂ ನಿಂತಿದೆ. ಅದೇ ದರಬಾರು 1481ರಲ್ಲಿ ಒಂದು ಸುಳ್ಳು ಪತ್ರದ ಮೇಲ್ನೋಟಕ್ಕೆ ಮರುಳಾಗಿ ಆತನ ತಲೆ ತೆಗೆಸಿತು. ರಾಜ್ಯವೂ ಹೆಚ್ಚು ಕಾಲ ಉಳಿಯಲಿಲ್ಲ. ಕುದುರೆಯನ್ನು ಹತ್ತು ದಿನ ನೋಡಿ ಕೊಳ್ಳುತ್ತಿದ್ದ ನಾಡಿನಲ್ಲಿ ಮನುಷ್ಯನನ್ನು ಒಂದೇ ಗಳಿಗೆಯಲ್ಲಿ ಅಳೆದುಬಿಟ್ಟರು. ಅಂದವನ್ನು ನೋಡೋಣ, ತಪ್ಪಲ್ಲ. ಆದರೆ ನಡೆಯನ್ನೂ ಗುಣವನ್ನೂ ನೋಡುವವರೆಗೆ ತೀರ್ಪು ಕೊಡದಿರೋಣ.