ಸೂರ್ಯ ನಮಸ್ಕಾರಕ್ಕೆ ವಯಸ್ಸೆಷ್ಟು?

ರಥಸಪ್ತಮಿಯ ಬೆಳಿಗ್ಗೆ ಮೈಸೂರಿನಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಬಯಲೊಂದರಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು 108 ಸೂರ್ಯ ನಮಸ್ಕಾರ ಹಾಕುವವರು ಕಾಣಸಿಗುತ್ತಾರೆ. ಉಳಿದ ದಿನಗಳಲ್ಲಿ ಮನೆಯ ಹಜಾರದಲ್ಲೋ ತಾರಸಿಯ ಮೇಲೋ ಹನ್ನೆರಡು ನಮಸ್ಕಾರ ಮುಗಿಸಿ ಕಾಫಿಗೆ ಕೂರುವವರೂ ಕಡಿಮೆಯಿಲ್ಲ. ಈ ಅಭ್ಯಾಸ ಎಷ್ಟು ಹಳೆಯದು ಎಂದು ಅವರಲ್ಲಿ ಯಾರನ್ನಾದರೂ ಕೇಳಿದರೆ ‘ವೇದಕಾಲದ್ದು’ ಎಂಬ ಉತ್ತರ ತಟ್ಟನೆ ಬರುತ್ತದೆ. ಈ ಉತ್ತರದಲ್ಲಿ ಅರ್ಧ ನಿಜವಿದೆ. ಉಳಿದರ್ಧದ ಕಥೆ ಇನ್ನೂ ಸ್ವಾರಸ್ಯದ್ದು.

ಬೆಳಗಿನ ಹೊತ್ತು ಸೂರ್ಯನಿಗೆ ಕೈಮುಗಿಯುವುದು ಹಳೆಯದು, ಅದರಲ್ಲಿ ಅನುಮಾನವಿಲ್ಲ. ಸಂಧ್ಯಾವಂದನೆ, ಅರ್ಘ್ಯ ಇವೆಲ್ಲ ಅದರ ರೂಪಗಳೇ. ತೈತ್ತಿರೀಯ ಆರಣ್ಯಕದ ಅರುಣಪ್ರಶ್ನವನ್ನು ಪಠಿಸುತ್ತ ನಡುನಡುವೆ ದೀರ್ಘದಂಡ ನಮಸ್ಕಾರ ಹಾಕುವ ಪದ್ಧತಿ ವೈದಿಕರಲ್ಲಿ ಇಂದಿಗೂ ಉಳಿದಿದೆ. ಅದರ ಹೆಸರೂ ಸೂರ್ಯ ನಮಸ್ಕಾರವೇ. ಆದರೆ ಅದು ಪೂಜೆ, ವ್ಯಾಯಾಮವಲ್ಲ. ಮೈ ದಣಿದರೆ ಅದು ಭಕ್ತಿಯ ಫಲವೇ ಹೊರತು ಉದ್ದೇಶವಲ್ಲ.

ಇನ್ನು ಆರೋಗ್ಯದ ಗ್ರಂಥಗಳನ್ನು ನೋಡೋಣ. ವಾಗ್ಭಟನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯದ ವಿಷಯವೇ ದಿನಚರ್ಯೆ. ಬ್ರಾಹ್ಮೀ ಮುಹೂರ್ತದಲ್ಲಿ, ಎಂದರೆ ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆ ಮುಂಚೆ, ಏಳುವುದರಿಂದ ಅದು ಆರಂಭವಾಗುತ್ತದೆ. ಹಲ್ಲುಕಡ್ಡಿ, ಕಣ್ಣಿಗೆ ಅಂಜನ, ಎಣ್ಣೆ ತಿಕ್ಕಿಕೊಳ್ಳುವುದು, ವ್ಯಾಯಾಮ, ಸ್ನಾನ ಎಲ್ಲವೂ ಅಲ್ಲಿವೆ. ವ್ಯಾಯಾಮಕ್ಕೆ ಮಿತಿಯೂ ಉಂಟು: ಬಲಶಾಲಿಯಾದವನು ಕೂಡ ಚಳಿಗಾಲ ಮತ್ತು ವಸಂತದಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ. ಹಣೆಯಲ್ಲಿ ಬೆವರೊಡೆದು ಬಾಯಿ ಒಣಗಿತೆಂದರೆ ಅರ್ಧ ಶಕ್ತಿ ಮುಗಿಯಿತೆಂದು ಲೆಕ್ಕ. ಇಷ್ಟು ವಿವರವಾಗಿ ಬರೆದ ವಾಗ್ಭಟ ಸೂರ್ಯ ನಮಸ್ಕಾರವೆಂಬ ವ್ಯಾಯಾಮದ ಹೆಸರೆತ್ತುವುದಿಲ್ಲ.

ನೆಲಕ್ಕೆ ಕೈಯೂರಿ, ಬೆನ್ನನ್ನು ಮೇಲಕ್ಕೆತ್ತಿ, ಎದೆಯನ್ನು ನೆಲದ ಸಮೀಪ ತಂದು, ಹಾವಿನಂತೆ ತಲೆಯೆತ್ತುವ ಚಲನೆ ಹಾಗಾದರೆ ಎಲ್ಲಿಂದ ಬಂತು? ಗರಡಿ ಮನೆಗೆ ಹೋದವರಿಗೆ ಇದು ಅಪರಿಚಿತವಲ್ಲ. ಪೈಲ್ವಾನರು ದಂಡ ಹೊಡೆಯುವುದು ಹೆಚ್ಚುಕಡಿಮೆ ಹೀಗೆಯೇ. 1896ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ‘ವ್ಯಾಯಾಮ ದೀಪಿಕಾ’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ಇಂಥ ದಂಡಗಳ ವಿವರಣೆಯಿದೆ. ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆ 1996ರಲ್ಲಿ ಗ್ರಂಥ ಬರೆದ ವಿದ್ವಾಂಸ ನಾರ್ಮನ್ ಶೋಮನ್ ಈ ಹೋಲಿಕೆಯತ್ತ ಗಮನ ಸೆಳೆದಿದ್ದಾರೆ. ಹೀಗೆ ದೇವರ ಮನೆಯಲ್ಲೊಂದು ನಮಸ್ಕಾರ, ಗರಡಿಯಲ್ಲೊಂದು ದಂಡ. ಇವೆರಡನ್ನೂ ಸಾಮಾನ್ಯ ಸಂಸಾರಿಯ ಬೆಳಗಿನ ಅಭ್ಯಾಸವನ್ನಾಗಿ ಮಾಡಲು ಟೊಂಕ ಕಟ್ಟಿ ನಿಂತವರು ಒಬ್ಬ ರಾಜರು.

ಮಹಾರಾಷ್ಟ್ರದ ಸಾತಾರಾ ಸೀಮೆಯ ಔಂಧ್ ಸಂಸ್ಥಾನ 72 ಹಳ್ಳಿಗಳ ಪುಟ್ಟ ರಾಜ್ಯ. ಅದರ ಭೂಮಿ ಒಂದೇ ಕಡೆ ಇರಲಿಲ್ಲ. ಈಗಿನ ವಿಜಯಪುರ ಜಿಲ್ಲೆಯ ಗುಣದಾಳವೂ ಅದಕ್ಕೇ ಸೇರಿತ್ತು. 1868ರಲ್ಲಿ ಹುಟ್ಟಿ 1909ರಲ್ಲಿ ಪಟ್ಟಕ್ಕೆ ಬಂದ ಭವಾನರಾವ್ ಪಂತ ಪ್ರತಿನಿಧಿ ಇಲ್ಲಿಯ ಅರಸರು. ಚಿತ್ರಕಲೆಯಲ್ಲಿ ಒಳ್ಳೆಯ ಕೈ. ರಾಮಾಯಣಕ್ಕೆ ಚಿತ್ರ ಬರೆದವರು, ಪುಣೆಯಲ್ಲಿ ನಡೆದ ಮಹಾಭಾರತದ ಪರಿಷ್ಕರಣ ಕಾರ್ಯಕ್ಕೆ ನೆರವಾದವರು.

ಈ ರಾಜರ ಮೊದಲ ಒಲವು ಸೂರ್ಯನ ಕಡೆಗಿರಲಿಲ್ಲ, ಸ್ಯಾಂಡೋ ಕಡೆಗಿತ್ತು! ಪ್ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಯೂಜಿನ್ ಸ್ಯಾಂಡೋ ಆ ಕಾಲದ ಜಗತ್ಪ್ರಸಿದ್ಧ ಮೈಕಟ್ಟಿನವ. ಗಂಡಸರ ಬನಿಯನ್ನಿಗೆ ನಮ್ಮಲ್ಲಿ ಅಂಟಿಕೊಂಡಿರುವ ಹೆಸರು ಅವನದೇ. ಅಂಚೆಯ ಮೂಲಕ ಪಾಠ ಹೇಳಿ, ಡಂಬೆಲ್ಸ್ ಮಾರಿ ಹಣ ಮಾಡಿದ ಜಾಣನೂ ಹೌದು. ಭವಾನರಾವ್ 1897ರಲ್ಲಿ ಅವನ ಸಾಧನಗಳನ್ನೂ ಪುಸ್ತಕಗಳನ್ನೂ ತರಿಸಿಕೊಂಡರು. ಹತ್ತು ವರ್ಷ ಬಿಡದೆ ಅಭ್ಯಾಸ ಮಾಡಿದರು. ಆಮೇಲೆ, 1908ರಲ್ಲಿ, ನೆರೆಯ ಮೀರಜ್ ಸಂಸ್ಥಾನದ ಅರಸರ ಪ್ರೇರಣೆಯಿಂದ ಸೂರ್ಯ ನಮಸ್ಕಾರಕ್ಕೆ ತಿರುಗಿದರು. ಡಂಬೆಲ್ಸ್ ಮೂಲೆ ಸೇರಿದವು.

ತಾವು ಹೊಸದೇನನ್ನೋ ಕಂಡುಹಿಡಿದೆವೆಂದು ರಾಜರು ಎಂದೂ ಹೇಳಿಕೊಳ್ಳಲಿಲ್ಲ. ಹಳೆಯದಕ್ಕೆ ಮತ್ತೆ ಜೀವ ಕೊಡುತ್ತಿದ್ದೇವೆ ಎಂಬುದೇ ಅವರ ನಿಲುವು. ಸಮರ್ಥ ರಾಮದಾಸರು ನಿತ್ಯ ಸೂರ್ಯ ನಮಸ್ಕಾರ ಹಾಕುತ್ತಿದ್ದರೆಂಬ ನಂಬಿಕೆಯೂ ಮರಾಠಿ ನಾಡಿನಲ್ಲಿ ಇದ್ದೇ ಇತ್ತು. ಆದರೆ ರಾಜರು ಮಾಡಿದ್ದು ಬೇರೆಯದೇ ಕೆಲಸ. ಭಂಗಿಗಳನ್ನು ಹತ್ತಕ್ಕೆ ಗೊತ್ತುಮಾಡಿದರು. ಯಾವ ಭಂಗಿಯಲ್ಲಿ ಉಸಿರು ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಬರೆದರು. ಬೀಜಾಕ್ಷರಗಳನ್ನೂ ಸೂರ್ಯನ ಹೆಸರುಗಳನ್ನೂ ಜೋಡಿಸಿದರು. 1920ರ ದಶಕದ ಕೊನೆಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲಿ ಮೂರು ಫಲಗಳ ಭರವಸೆಯಿದೆ: ಆರೋಗ್ಯ, ಕಾರ್ಯದಕ್ಷತೆ, ದೀರ್ಘಾಯುಷ್ಯ.

ನಡುವಿನ ಮಾತನ್ನು ಸ್ವಲ್ಪ ಗಮನಿಸಬೇಕು. ಆರೋಗ್ಯ, ಆಯುಷ್ಯ ಎರಡೂ ವಾಗ್ಭಟನಿಗೆ ಗೊತ್ತಿದ್ದ ಪದಗಳೇ. ಕಾರ್ಯದಕ್ಷತೆ ಮಾತ್ರ ಕಚೇರಿ, ಕಾರ್ಖಾನೆ, ಗಡಿಯಾರಗಳ ಯುಗದ ಮಾತು. ಬೆಳಗಾವಿ ಬಿಡಬೇಕಾಗಿ ಬಂದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ 1910ರಲ್ಲಿ ಜಾಗ ಕೊಟ್ಟದ್ದು ಇದೇ ರಾಜರು. ಕಿರ್ಲೋಸ್ಕರವಾಡಿ ಎದ್ದು ನಿಂತದ್ದು ಔಂಧ್ ನೆಲದಲ್ಲಿ. ಸೂರ್ಯನಿಗೆ ನಮಸ್ಕರಿಸಿದವನು ಹಗಲಿಡೀ ಚುರುಕಾಗಿ ದುಡಿಯುತ್ತಾನೆ ಎಂಬ ಲೆಕ್ಕಾಚಾರ ಆ ಕಾಲಕ್ಕೆ, ಆ ಸ್ಥಳಕ್ಕೆ ಸರಿಯಾಗಿ ಹೊಂದುತ್ತದೆ.

ಸಂಸ್ಥಾನದ ಶಾಲೆಗಳಲ್ಲಿ ರಾಜರು ಸೂರ್ಯ ನಮಸ್ಕಾರವನ್ನು ಕಡ್ಡಾಯ ಮಾಡಿದರು. ಹೆಣ್ಣುಮಕ್ಕಳಿಗೂ ಅಷ್ಟೇ ಒತ್ತು. ರಾಣಿಯವರೂ ರಾಜಮನೆತನದ ಮಕ್ಕಳೂ ಅಭ್ಯಾಸ ಮಾಡುತ್ತಿದ್ದರು. ಗರಡಿಯ ಹೊಸ್ತಿಲನ್ನೇ ತುಳಿಯದಿದ್ದ ಹೆಂಗಸರಿಗೆ ಮನೆಯೊಳಗೇ, ಸೀರೆ ಕಚ್ಚೆ ಹಾಕಿ ಮಾಡಬಹುದಾದ ವ್ಯಾಯಾಮವೊಂದು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಚಾಪೆಯಗಲದ ಜಾಗ ಸಾಕು, ಕಾಸು ಖರ್ಚಿಲ್ಲ, ಜೊತೆಗಾರ ಬೇಕಿಲ್ಲ. ಸ್ಯಾಂಡೋ ಸಾಧನಗಳು ಸೋತದ್ದು ಬಹುಶಃ ಇಲ್ಲಿಯೇ.

ಇನ್ನೊಂದು ವಿಚಿತ್ರವೆಂದರೆ, ಪ್ರಜೆಗಳ ಮಕ್ಕಳಿಗೆ ವ್ಯಾಯಾಮ ಕಡ್ಡಾಯ ಮಾಡಿದ ಇದೇ ಅರಸರು ತಮ್ಮ ಅಧಿಕಾರವನ್ನು ಮಾತ್ರ ಸ್ವಇಚ್ಛೆಯಿಂದ ಬಿಟ್ಟುಕೊಟ್ಟರು. ಗಾಂಧೀಜಿಯವರ ಮಾರ್ಗದರ್ಶನದಲ್ಲಿ ರೂಪುಗೊಂಡ ಔಂಧ್ ಸಂವಿಧಾನ 1939ರಲ್ಲಿ ಜಾರಿಗೆ ಬಂದು ಆಡಳಿತ ಜನರ ಕೈಗೆ ಹೋಯಿತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಹೊತ್ತಿಗೆ ರಾಜರ ಅಭ್ಯಾಸ ಸಮುದ್ರವನ್ನೂ ದಾಟಿಯಾಗಿತ್ತು. 1936ರಲ್ಲಿ ಅವರು ಲಂಡನ್ನಿಗೆ ಹೋಗಿದ್ದಾಗ ಪತ್ರಕರ್ತೆ ಲೂಯಿಸ್ ಮಾರ್ಗನ್ ಅವರನ್ನು ಕಂಡು ಪತ್ರಿಕೆಗೆ ಬರೆದರು. ಅವರೇ ಸಂಪಾದಿಸಿದ ಪುಸ್ತಕ 1938ರಲ್ಲಿ ಅಲ್ಲಿ ಪ್ರಕಟವಾಗಿ, ಆರೋಗ್ಯಕ್ಕೆ ಹತ್ತು ಹೆಜ್ಜೆಗಳ ದಾರಿಯೆಂದು ಹತ್ತು ಭಂಗಿಗಳನ್ನು ಬ್ರಿಟಿಷ್ ಓದುಗರ ಮುಂದಿಟ್ಟಿತು.

ಔಂಧ್‌ನ ಗಾಳಿ ಕನ್ನಡ ನಾಡಿಗೂ ಬೀಸಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ 1937ರಲ್ಲಿ ಸೂರ್ಯ ನಮಸ್ಕಾರದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಓದುಗರು ಬಲ್ಲ ಅಯ್ಯರ್ ಇವರೇ. ಡಂಬೆಲ್ಸ್ ಮತ್ತು ನಮಸ್ಕಾರದ ನಡುವೆ ಅವರಿಗೆ ಜಗಳ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಕಲಿಸಿದರು. ಅದೇ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆ ನಡೆಯುತ್ತಿತ್ತು. 1934ರಲ್ಲಿ ಹೊರಬಂದ ಅವರ ಕನ್ನಡ ಕೃತಿ ‘ಯೋಗ ಮಕರಂದ’ ಒಂದೊಂದು ಆಸನವನ್ನೂ ಎಣಿಕೆಯ ವಿನ್ಯಾಸಗಳಲ್ಲಿ ವಿವರಿಸುತ್ತದೆ. ಅವರ ಶಿಷ್ಯರಾದ, ಹಾಸನ ಜಿಲ್ಲೆಯ ಕೌಶಿಕದಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು 1962ರಲ್ಲಿ ‘ಯೋಗಮಾಲಾ’ ಬರೆದರು, ಅದೂ ಕನ್ನಡದಲ್ಲೇ. ಅವರ ಪದ್ಧತಿಯಲ್ಲಿ ಸೂರ್ಯ ನಮಸ್ಕಾರವೇ ಮೊದಲ ಮೆಟ್ಟಿಲು: ಒಂದರಲ್ಲಿ ಒಂಬತ್ತು ವಿನ್ಯಾಸ, ಇನ್ನೊಂದರಲ್ಲಿ ಹದಿನೇಳು. ಹೊರದೇಶಗಳಿಂದ ಮೈಸೂರಿಗೆ ಬಂದು ನಸುಕಿನಲ್ಲೇ ಅಭ್ಯಾಸಕ್ಕೆ ನಿಂತವರು ಈ ಎಣಿಕೆಯನ್ನು ಸಂಸ್ಕೃತದಲ್ಲೇ ಕಲಿತು ಹೋದರು. ಇಲ್ಲಿ ಶನಿವಾರ, ಅಮಾವಾಸ್ಯೆ, ಹುಣ್ಣಿಮೆಗಳಂದು ಅಭ್ಯಾಸಕ್ಕೆ ರಜೆ ಇರುತ್ತಿತ್ತು. ಅರ್ಧ ಶಕ್ತಿಯ ಮಾತಾಡಿದ ವಾಗ್ಭಟ ಇದನ್ನು ಒಪ್ಪುತ್ತಿದ್ದನೇನೋ.

ನೂರು ವರ್ಷದ ಈಚಿನದೆಂದು ತಿಳಿದೊಡನೆ ಕೆಲವರಿಗೆ ಬೇಸರವಾಗುವುದುಂಟು; ಹಳೆಯದಲ್ಲದ್ದಕ್ಕೆ ಬೆಲೆಯಿಲ್ಲವೆಂಬ ಅಳುಕು ಅದು. ಹತ್ತು ವರ್ಷ ಒಂದು ಅಭ್ಯಾಸ ಮಾಡಿ ನೋಡಿ, ಅದನ್ನು ಬಿಟ್ಟು ಇನ್ನೊಂದನ್ನು ಕೈಗೆತ್ತಿಕೊಂಡ ರಾಜರಿಗೆ ಆ ಅಳುಕು ಇದ್ದಂತಿಲ್ಲ. ಭವಾನರಾವ್ 1951ರಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಗ, ರಾಜತಂತ್ರಜ್ಞ ಅಪ್ಪಾ ಪಂತರು, 1970ರಲ್ಲಿ ಸೂರ್ಯ ನಮಸ್ಕಾರದ ಬಗ್ಗೆ ತಾವೂ ಒಂದು ಇಂಗ್ಲಿಷ್ ಪುಸ್ತಕ ಬರೆದರು. ತಂದೆ ಕಣ್ಣೆದುರೇ ಅಚ್ಚುಕಟ್ಟುಗೊಳಿಸಿದ ಆ ಹತ್ತು ಭಂಗಿಗಳಿಗೆ ಮಗನ ಪುಸ್ತಕದ ಉಪಶೀರ್ಷಿಕೆ ಕೊಟ್ಟ ಹೆಸರು: ಭಾರತದ ಪ್ರಾಚೀನ ವ್ಯಾಯಾಮ.